ಅತ್ತೆಯ ಕೋಣೆಯ ಒದ್ದೆ ಗೋಡೆ

ಬೆಳಿಗ್ಗೆ ನಾನು ರೊಟ್ಟಿ ತಟ್ಟುವ ಹೊತ್ತಿಗೆ ಸರಿಯಾಗಿ ಗೋಡೆಯ ಆಚೆಯಿಂದ ನೀರು ಸುರಿಯುವ ಸದ್ದು ಬರುತ್ತಿತ್ತು. ಒಂದು ಬಕೆಟ್ಟು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಆಚೆ ಇದ್ದವಳು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಈಚೆ, ಅದೇ ಗೋಡೆಗೆ ಒತ್ತಿಕೊಂಡು ನಮ್ಮ ಅತ್ತೆಯ ಮಂಚ. ಗೋಡೆ ಬುಡದಿಂದ ಒದ್ದೆಯಾಗುತ್ತಾ ಮೇಲೇರುತ್ತಿತ್ತು, ಅತ್ತೆಗೆ ಉಬ್ಬಸ ಹತ್ತಿತ್ತು. ಇಷ್ಟು ಸಾಕ್ಷಿ ಬೇರೆಯವರಿಗೆ ಸಾಲುತ್ತಿತ್ತೋ ಇಲ್ಲವೋ, ನನಗೆ ಸಾಕಾಗಿತ್ತು.

ನಾನು ಆಗ ಹಾರನಹಳ್ಳಿಯ ಶಾಲೆಯಲ್ಲಿ ಟೀಚರು. ಅರಸೀಕೆರೆಯಿಂದ ದಿನವೂ ಬಸ್ಸಿನಲ್ಲೋ ಟೆಂಪೋದಲ್ಲೋ ಹೋಗಿಬರುತ್ತಿದ್ದೆ. ಪರೀಕ್ಷೆಯಲ್ಲಿ ಯಾವ ಹುಡುಗ ಯಾರ ಉತ್ತರ ನೋಡಿ ಬರೆದಿದ್ದಾನೆಂದು ಅವನು ಕೂತ ಭಂಗಿಯಲ್ಲೇ ಹೇಳುತ್ತಿದ್ದೆ. ಆ ಕಣ್ಣು ಶಾಲೆಯ ಗೇಟು ದಾಟಿದ ಮೇಲೂ ಮುಚ್ಚುತ್ತಿರಲಿಲ್ಲ. ತರಕಾರಿಯವನ ತಕ್ಕಡಿ, ಹಾಲಿನವಳ ಕೈ, ಗಂಡನ ಮುಖ, ಎಲ್ಲವನ್ನೂ ನಾನು ಒಂದೇ ರೀತಿ ನೋಡುತ್ತಿದ್ದೆ. ನನ್ನ ಗಂಡ ಇದನ್ನು ಕಾಯಿಲೆ ಎನ್ನುತ್ತಿದ್ದರು. ಮನೆಯಲ್ಲಿ ಒಬ್ಬರಾದರೂ ಎಚ್ಚರವಾಗಿರಬೇಡವೇ ಎಂದು ನಾನು ಕೇಳುತ್ತಿದ್ದೆ.

ಮನೆ ಪಾಲಾಗಿ ಕೆಲವು ವರ್ಷಗಳಾಗಿದ್ದವು. ಅಣ್ಣತಮ್ಮಂದಿರು ಒಟ್ಟಿಗೆ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಮಂಡಿಯಲ್ಲಿ ಹತ್ತಿದ ಜಗಳ ಮನೆಯವರೆಗೂ ಬಂತು. ಊರಿನ ನಾಲ್ಕು ಹಿರಿಯರು ನಮ್ಮ ಜಗಲಿಯ ಮೇಲೆ ಕೂತು ಮನೆಯನ್ನು ಉದ್ದಕ್ಕೆ ಸೀಳಿದರು. ದೇವರ ಕೋಣೆ ನಮ್ಮ ಪಾಲಿಗೆ ಬಂತು, ಹಿತ್ತಿಲು ಭಾವನ ಪಾಲಿಗೆ ಹೋಯಿತು. ಹೊಸ ಗೋಡೆ ಎದ್ದಿತು. ಮುಂದೆ ತಕರಾರು ಬರಬಾರದೆಂದು ಹಿರಿಯರು ಒಂದು ಮಾತನ್ನು ಒತ್ತಿ ಹೇಳಿದ್ದರು: ಒಬ್ಬರ ಮನೆಯ ನೀರು ಇನ್ನೊಬ್ಬರ ಪಾಲಿಗೆ ಹರಿಯಕೂಡದು. ನಮ್ಮ ಕಡೆ ಪಾಲಾದ ಮನೆಗಳಲ್ಲಿ ಅರ್ಧ ಜಗಳ ಚರಂಡಿ ನೀರಿನದೇ. ಎರಡೂ ಕಡೆಯವರು ತಲೆಯಾಡಿಸಿದರು.

ದೇವರು ಎಲ್ಲಿಯೋ ಅತ್ತೆ ಅಲ್ಲಿ. ಹಾಗಾಗಿ ಅವರು ನಮ್ಮ ಜೊತೆ ಉಳಿದರು. ದೊಡ್ಡ ಮಗನ ಮೇಲೆ ಸಿಟ್ಟಿನಿಂದಲ್ಲ. ನಡುಗೋಡೆ ಎದ್ದ ದಿನದಿಂದ ಅವರು ಆ ಕಡೆಯ ಹೊಸ್ತಿಲು ದಾಟಿರಲಿಲ್ಲ, ದಾಟಿದರೆ ಯಾರೋ ಒಬ್ಬರ ಪಕ್ಷ ಹಿಡಿದಂತಾಗುತ್ತದೆ ಎಂದು. ದೊಡ್ಡ ಮಗನೇ ಹಬ್ಬಹುಣ್ಣಿಮೆಗೆ ನಮ್ಮ ಜಗಲಿಗೆ ಬಂದು, ಕಾಲಿಗೆ ಬಿದ್ದು, ನಮ್ಮ ಮನೆಯ ನೀರನ್ನೂ ಕುಡಿಯದೆ ಹೋಗುತ್ತಿದ್ದ.

ಜಾಗ ಸಾಲದೆ ಹಿಂಭಾಗದ ದೇವರ ಕೋಣೆಯೇ ಅತ್ತೆಯ ಕೋಣೆಯೂ ಆಯಿತು. ಒಂದು ಮೂಲೆಯಲ್ಲಿ ಅವರ ಪೂಜೆ, ನಡುವೆ ಹಲಗೆಯ ಮರೆ, ಮರೆಯ ಈಚೆ ಮಂಚ. ಬೆಳಿಗ್ಗೆ ಮಿಂದು, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆಗೆ ಕೂತರೆ ಆ ಮೂಲೆಗೆ ಯಾರೂ ಕಾಲಿಡುವಂತಿರಲಿಲ್ಲ. ಮಿಕ್ಕ ಹೊತ್ತಿನಲ್ಲೂ ಅದು ಅವರದೇ ಮೂಲೆ. ಗುಡಿಸುವುದು ಅವರು, ತೊಳೆಯುವುದು ಅವರು, ಪೂಜೆಯ ನೀರನ್ನು ಯಾರೂ ತುಳಿಯದ ಜಾಗ ನೋಡಿ ವಿಲೇವಾರಿ ಮಾಡುವುದೂ ಅವರು. ಅದು ಅವರ ಮಡಿಯ ವಿಷಯ, ನಾನು ತಲೆ ಹಾಕುತ್ತಿರಲಿಲ್ಲ. ನನಗೆ ಏಳೂವರೆಯ ಬಸ್ಸು ಹಿಡಿಯುವ ಗಡಿಬಿಡಿ.

ಆ ಕೋಣೆಯ ಹಿಂದಿನ ಹಳೆಯ ಮಣ್ಣಿನ ಗೋಡೆಯ ಆಚೆ ಭಾವನ ಹಿತ್ತಿಲು. ಅಲ್ಲೊಂದು ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ, ಗೋಡೆಯ ಹತ್ತಿರವೇ, ಮಾವನವರು ನೆಟ್ಟ ಬಿಲ್ವಪತ್ರೆಯ ಗಿಡ. ಗಿಡವೆನ್ನುವುದು ಬಾಯಿಮಾತಿಗೆ, ಅದು ಮರವೇ ಆಗಿತ್ತು. ಕೊಂಬೆಗಳು ನಮ್ಮ ತಾರಸಿಯ ಮೇಲೆ ಬಾಗಿದ್ದವು. ಅತ್ತೆಯ ಪೂಜೆಗೆ ಪತ್ರೆಯನ್ನು ಅಲ್ಲಿಂದಲೇ ಕೊಯ್ಯುತ್ತಿದ್ದೆವು. ಬುಡ ಅವರದು, ಕೊಂಬೆ ನಮ್ಮದು. ಇದರ ಬಗ್ಗೆ ಹಿರಿಯರು ಏನೂ ಹೇಳಿರಲಿಲ್ಲ, ಮರೆತಿರಬೇಕು.

ಒದ್ದೆ ಮೊದಲು ಕಂಡಾಗ ಒಂದು ತಟ್ಟೆಯಷ್ಟು ಅಗಲವಿತ್ತು. ಮಳೆಗಾಲದಲ್ಲಿ ಮಣ್ಣಿನ ಗೋಡೆ ತೇವ ಹಿಡಿಯುವುದು ಹೊಸದೇನಲ್ಲ. ಆದರೆ ಮಾಲೇಕಲ್ಲು ಬೆಟ್ಟದ ಕಡೆಯಿಂದ ಮೋಡ ಬರುವುದು ನಿಂತು, ಊರೆಲ್ಲ ಒಣಗಿ ಧೂಳೆದ್ದ ಮೇಲೂ ಅದು ಒಣಗಲಿಲ್ಲ. ಸುಣ್ಣ ಹಪ್ಪಳದಂತೆ ಎದ್ದು ಉದುರಿತು. ಮುಗ್ಗಲು ವಾಸನೆ ಹಾಸಿಗೆಗೂ ಅಂಟಿತು. ಅತ್ತೆ ಮಾತಿನ ನಡುವೆ ನಿಂತು ಉಸಿರೆಳೆದುಕೊಳ್ಳತೊಡಗಿದರು. ಬಸ್ ನಿಲ್ದಾಣದ ಹತ್ತಿರದ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಮಾತ್ರೆ ಬರೆದುಕೊಟ್ಟು, "ಮಾತ್ರೆ ಹೋಗಲಿ, ಮೊದಲು ಇವರನ್ನ ಆ ಒದ್ದೆ ಕೋಣೆಯಿಂದ ಈಚೆಗೆ ತನ್ನಿ," ಎಂದರು.

ಅಂದು ಸಂಜೆಗೆಲ್ಲ ಭಾವನಿಂದ ಹೇಳಿಕೆ ಬಂತು. ಅವ್ವನಿಗೆ ನಮ್ಮ ಕಡೆ ಒಣಗಿದ ಕೋಣೆ ಐತೆ, ಗಾಳಿ ಬೆಳಕು ಐತೆ, ಕಳಿಸಿಕೊಡಿ.

ಡಾಕ್ಟರ ಮಾತು ಸಂಜೆಯೊಳಗೆ ಅವರ ಕಿವಿಗೆ ಹೇಗೆ ಬಿತ್ತು? ಕಳಿಸಿ ಎನ್ನಲು ಕೋಣೆ ಮೊದಲೇ ಸಿದ್ಧವಾಗಿತ್ತೇ? ನನಗೆ ಎಲ್ಲ ಹೊಳೆದುಹೋಯಿತು. ಓರಗಿತ್ತಿ ದಿನಾ ಬೆಳಿಗ್ಗೆ ಗೋಡೆಗೆ ನೀರು ಹೊಯ್ಯುತ್ತಿದ್ದಾಳೆ. ಗೋಡೆ ನೆನೆದು ಅತ್ತೆಗೆ ಕಾಯಿಲೆಯಾಗಲಿ, ಆಮೇಲೆ ಕರೆಸಿಕೊಳ್ಳೋಣ ಎಂದು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎನ್ನುತ್ತಾರಲ್ಲ, ಅದೇ.

ಅತ್ತೆಯನ್ನು ಕಳಿಸಿದರೆ ಏನಾಗುತ್ತಿತ್ತು ಎಂದು ನೀವು ಕೇಳಬಹುದು. ಬೇರೆ ಮನೆಗಳಲ್ಲಿ ಸೊಸೆಯಂದಿರು ಇಂಥ ಹೇಳಿಕೆ ಬಂದರೆ ದೇವರಿಗೆ ತುಪ್ಪದ ದೀಪ ಹಚ್ಚುತ್ತಾರೆ. ನನ್ನ ತವರು ಬೇಲೂರು. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದಳು. ಮದುವೆಯಾಗಿ ಬಂದಾಗ ನನಗೆ ಸೀರೆಯ ನೆರಿಗೆ ಹಿಡಿಯಲು ಸರಿಯಾಗಿ ಬರುತ್ತಿರಲಿಲ್ಲ. ಕಲಿಸಿದ್ದು ಅತ್ತೆ. ಮಗು ಎದೆಹಾಲು ಕುಡಿಯುತ್ತಿದ್ದಾಗಲೇ ನನ್ನನ್ನು ಟೀಚರ್ ಟ್ರೈನಿಂಗಿಗೆ ಕಳಿಸಿ, ನೆಂಟರೆಲ್ಲ ಆಡಿಕೊಂಡಾಗ, "ನನ್ನ ಸೊಸೆ ಓದ್ಲಿ, ಮಗೀನ ನಾನು ನೋಡ್ಕತೀನಿ, ನಿಮ್ಗೇನು," ಎಂದವರು. ಸಂಬಳ ಬರುವ ಹೆಂಗಸಾಗಿ ನಾನು ತಲೆಯೆತ್ತಿ ನಡೆದದ್ದು ಅವರಿಂದ. ಶಾಲೆಯಿಂದ ಬಂದು ಚಪ್ಪಲಿ ಬಿಡುವಾಗ ಒಳಗಿನಿಂದ "ಬಂದ್ಯೇನವ್ವ" ಎನ್ನುವ ದನಿ ಕೇಳದಿದ್ದರೆ ಅದು ನನಗೆ ಮನೆಯೇ ಅಲ್ಲ. ಅವರು ಆ ಕಡೆಗೆ ಹೋದರೆ ಮತ್ತೆ ಬರುವುದಿಲ್ಲ ಎಂಬ ಭಯ ನನ್ನನ್ನು ಬಿಡುತ್ತಿರಲಿಲ್ಲ. ಅದನ್ನು ಗಂಡನಿಗೂ ಹೇಳಿರಲಿಲ್ಲ.

ಸಾಕ್ಷಿ ಹಿಡಿಯಲು ಹೊರಟೆ. ಗೋಡೆಗೆ ಕಿವಿಯಿಟ್ಟು ಕೇಳಿದೆ. ಒಂದು ಭಾನುವಾರ ಬೆಳಿಗ್ಗೆ ಸಂಡಿಗೆ ಒಣಹಾಕುವ ನೆಪದಲ್ಲಿ ತಾರಸಿ ಹತ್ತಿ, ಪತ್ರೆಯ ಕೊಂಬೆಗಳ ಮರೆಯಲ್ಲಿ ಕೂತೆ. ಓರಗಿತ್ತಿ ಬಕೆಟ್ ಹಿಡಿದು ಬಂದಳು. ಆಚೆ ಈಚೆ ನೋಡಿದಳು. ಕಳ್ಳಿ, ಎಂದುಕೊಂಡೆ. ಗೋಡೆಯ ಹತ್ತಿರ ಬಗ್ಗಿದಳು. ಅಲ್ಲಿಂದ ಮುಂದೆ ಕೊಂಬೆ ಅಡ್ಡವಿತ್ತು, ಸದ್ದು ಮಾತ್ರ ಕೇಳಿಸಿತು. ಖಾಲಿ ಬಕೆಟ್ಟಿನೊಂದಿಗೆ ತಿರುಗಿದಾಗ ಅವಳು ತಲೆಯೆತ್ತಿ ತಾರಸಿಯ ಕಡೆ ನೋಡಿದಳು. ನಾನು ಸಂಡಿಗೆಯ ಮೇಲೆ ಬಗ್ಗಿದೆ. ನಾವಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವಲ್ಲ.

ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಒಗೆಯೋ ಕಲ್ಲಿದೆ, ನೀರು ಹಾಕ್ತಾರೆ. ಅದಕ್ಕೇನು ಈಗ?" ಎಂದರು.

"ಬಟ್ಟೆ ಒಗೆಯೋ ಸದ್ದು ಬೇರೆ, ಬರೀ ನೀರು ಸುರಿಯೋ ಸದ್ದು ಬೇರೆ. ನನಗೆ ಅಷ್ಟು ಗೊತ್ತಾಗಲ್ವಾ?"

"ಸರಿ, ಅಣ್ಣನ ಹತ್ರ ಹೋಗಿ ಜಗಳ ಆಡ್ಲಾ?"

ಅದು ಅವರಿಂದ ಆಗದ ಕೆಲಸ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುವವರಿದ್ದಾರೆ. ನನ್ನ ಗಂಡ ಕೋಲನ್ನೇ ಮನೆಯಲ್ಲಿಟ್ಟು ಹೋಗುವವರು. ಕೊನೆಗೆ ಒಂದು ಉಪಾಯ ತಂದರು. ಹಾಸನದ ಅಂಗಡಿಗಳಿಗೆ ಜಿಪ್ಸಂ ಶೀಟು ಎಂಬ ಹೊಸ ಸಾಮಾನು ಬಂದಿತ್ತಂತೆ. ಎರಡು ಕಾಗದದ ನಡುವೆ ಬಿಳಿ ಪುಡಿ ಒತ್ತಿದ ಹಲಗೆ. ಮರದ ಚೌಕಟ್ಟು ಕಟ್ಟಿ ಗೋಡೆಯ ಮುಂದೆ ಅದನ್ನು ಹೊಡೆದು ಬಣ್ಣ ಬಳಿದರೆ ಹೊಸ ಗೋಡೆಯೇ ಆಯಿತು, ಹಳೆಯದರ ಒದ್ದೆ ಅವ್ವನಿಗೆ ತಾಕುವುದೇ ಇಲ್ಲ ಎಂದರು. ಗಾಯ ತೊಳೆಯದೆ ಬಟ್ಟೆ ಕಟ್ಟಿದ ಹಾಗೆ ಎಂದು ನನಗನ್ನಿಸಿತು. ಆದರೆ ಅತ್ತೆ ಈ ಕಡೆಯೇ ಉಳಿಯುತ್ತಾರಲ್ಲ. ಒಪ್ಪಿದೆ.

ಕೆಲಸಕ್ಕೆ ಬಂದವನು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಗಾರೆ ಕೆಲಸದವನು, ಅರಸೀಕೆರೆಗೆ ಬಂದು ನೆಲೆಸಿದ್ದ. ನಡುಗೋಡೆ ಕಟ್ಟಿದ್ದೂ ಇವನೇ. ಆಮೇಲೆ ಭಾವನ ಮನೆಯಲ್ಲೂ ಸಣ್ಣಪುಟ್ಟ ಕೆಲಸ ಮಾಡಿದ್ದ. ಆದ್ದರಿಂದ ನನಗೆ ಅವನ ಮೇಲೂ ಒಂದು ಕಣ್ಣು. ಬಾಯಿ ಬಡಾಯಿಯವನು. ಹೇಳಿದ ದಿನ ಬರುತ್ತಿರಲಿಲ್ಲ, ಬಂದ ದಿನ ಹೋಗುತ್ತಿರಲಿಲ್ಲ.

"ನಮ್ಮೂರ ಗುಡಿ ನೋಡಿದ್ದೀರಲ್ಲ ಮೇಷ್ಟ್ರಮ್ಮ? ಯಾವ ಕಾಲದ್ದು. ಗೋಡೆ ಒಂಚೂರು ಅಲ್ಲಾಡೈತಾ? ಆ ಕೈಯಿನ ವಂಶದೋರು ನಾವು," ಎಂದ.

"ಅದು ಕಲ್ಲು ಕಣಪ್ಪ. ನೀನು ಈಗ ಹೊಡೀತಿರೋದು ಕಾಗದದ ಹಲಗೆ," ಎಂದೆ.

ಅವನು ಗೋಡೆ ಮುಟ್ಟಿ ನೋಡಿ, "ಅಬ್ಬ, ಒಳ್ಳೆ ನೆಂದೈತೆ," ಎಂದವನು ಏನೋ ಕೇಳಲು ಬಾಯಿ ತೆರೆದು ಸುಮ್ಮನಾದ. ನಾನು ಅದನ್ನೂ ಗುರುತು ಹಾಕಿಕೊಂಡೆ. ಪೂಜೆಯ ಮೂಲೆಯನ್ನು ಬಿಟ್ಟು ಮಿಕ್ಕ ಗೋಡೆಗೆಲ್ಲ ಹಲಗೆ ಹೊಡೆದ. ಆ ಮೂಲೆಯನ್ನು ಮುಟ್ಟಲು ಅತ್ತೆ ಬಿಡಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಬಣ್ಣ ಬಳಿದ ಮೇಲೆ ಕೋಣೆ ಲಗ್ನಪತ್ರಿಕೆಯಷ್ಟು ಚೆನ್ನಾಗಿ ಕಂಡಿತು. ನಾನು ಭಾವನಿಗೆ ಗಂಡನ ಬಾಯಲ್ಲೇ ಹೇಳಿಕಳಿಸಿದೆ: ಅವ್ವನ ಕೋಣೆ ಸರಿಯಾಗಿದೆ, ಯಾರೂ ಚಿಂತೆ ಮಾಡಬೇಕಾಗಿಲ್ಲ.

ಆ ಹಿಗ್ಗು ಮುಂದಿನ ಮಳೆಗಾಲದವರೆಗೂ ಉಳಿಯಲಿಲ್ಲ. ಮೊದಲು ಹಲಗೆಯ ಬುಡ ಉಬ್ಬಿತು. ಬೆರಳಿಂದ ಒತ್ತಿದರೆ ನೆನೆದ ಬನ್ನಿನ ಹಾಗೆ ಒಳಗೆ ಹೋಗುತ್ತಿತ್ತು. ಆಮೇಲೆ ಬಣ್ಣದ ಕೆಳಗಿನಿಂದ ಕಪ್ಪು ಚುಕ್ಕಿಗಳು ಎದ್ದವು. ಒರೆಸಿದರೆ ಹೋಗಿ ಮತ್ತೆ ಬರುತ್ತಿದ್ದವು. ಅತ್ತೆ ಮಂಚದ ಮೇಲೆ ಕೂತೇ ನಿದ್ದೆ ಮಾಡತೊಡಗಿದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಈ ಸಲ ಡಾಕ್ಟರು ಗದರಿದರು. ಗೋಡೆ ಸರಿ ಮಾಡಿಸುತ್ತೀರೋ, ಮನೆ ಬದಲಾಯಿಸುತ್ತೀರೋ, ನನಗೆ ಗೊತ್ತಿಲ್ಲ, ಇನ್ನೊಂದು ಮಳೆಗಾಲ ಅಲ್ಲಿ ಮಲಗಿಸಿದರೆ ನನ್ನ ಹತ್ತಿರ ಕರೆತರಬೇಡಿ ಎಂದರು. ಈ ಬಾರಿ ಭಾವ ಹೇಳಿಕೆ ಕಳಿಸಲಿಲ್ಲ, ತಾನೇ ಜಗಲಿಗೆ ಬಂದ. "ಅವ್ವ, ಎದ್ದು ಬಾ," ಎಂದ. ಅತ್ತೆ ನನ್ನ ಮುಖ ನೋಡಿದರು. "ನೋಡಾನ ಬಿಡು," ಎಂದರು. ಆಗೆಲ್ಲ ಗೋಡೆಯ ಆಚೆ ಬೆಳಗಿನ ಬಕೆಟ್ಟು ಮಾತ್ರ ತಪ್ಪಿರಲಿಲ್ಲ.

ಇಷ್ಟಾದ ಮೇಲೂ ಅವಳಿಗೆ ಕರುಣೆ ಇಲ್ಲವಲ್ಲ ಎಂದು ನನಗೆ ಅಳುವೇ ಬಂತು. ಗೋಡೆಯ ಹತ್ತಿರ ನಿಂತು, ಆಚೆಗೆ ಕೇಳುವ ಹಾಗೆ, "ಮಾಡಿದ್ದುಣ್ಣೋ ಮಹರಾಯ," ಎಂದು ಗಟ್ಟಿಯಾಗಿ ಹೇಳಿದೆ. ಆಚೆಯಿಂದ ಬಕೆಟ್ಟು ನೆಲಕ್ಕೆ ಕುಕ್ಕಿದ ಸದ್ದಾಯಿತು.

ಹಾರನಹಳ್ಳಿಯಲ್ಲಿ ಅತ್ತೆಯ ತಂಗಿಯ ಮನೆ. ಅಲ್ಲಿ ಆ ತಂಗಿಯ ಮೊಮ್ಮಗನ ನಾಮಕರಣಕ್ಕೆ ಅತ್ತೆಯನ್ನು ನಾನೇ ಟೆಂಪೋ ಹತ್ತಿಸಿ ಕರೆದುಕೊಂಡು ಹೋಗಿ ಬಿಟ್ಟು ಬಂದೆ. ನಾಲ್ಕು ದಿನ ಒಣಗಿದ ಕಡೆ ಇರಲಿ ಎಂದು. ಆ ಸಂದು ನೋಡಿಕೊಂಡು ರಜೆ ಹಾಕಿ, ಬಸ್ತಿಹಳ್ಳಿಯವನನ್ನು ಕರೆಸಿದೆ. ಹಲಗೆ ಕಿತ್ತು ಗೋಡೆಯನ್ನು ಬುಡದಿಂದ ಕೆದಕಿ, ಆಚೆಯಿಂದ ನೀರು ಎಲ್ಲಿ ನುಗ್ಗುತ್ತಿದೆಯೋ ಆ ಜಾಗವನ್ನು ತೋರಿಸು ಎಂದೆ. ತೋರಿಸಿದ ಮೇಲೆ ಹಿರಿಯರನ್ನು ಮತ್ತೆ ಕರೆದು ಜಗಲಿಯ ಮೇಲೆ ಕೂರಿಸುವುದು ನನ್ನ ಯೋಚನೆಯಾಗಿತ್ತು.

ಹಲಗೆ ಕೀಳಬೇಕಾಗಲೇ ಇಲ್ಲ, ಕೈ ಹಾಕಿದ ಕಡೆ ಕಳಚಿಕೊಂಡು ಬಂತು. ಹಿಂದಿನ ಮರದ ಚೌಕಟ್ಟಿಗೆ ಬೂಷ್ಟು ಹಿಡಿದಿತ್ತು. ಅವನು ಗೋಡೆಯನ್ನು ಅಲ್ಲಲ್ಲಿ ಚಾಣದಿಂದ ಕೆದಕುತ್ತಾ ಹೋದ. ಒಗೆಯುವ ಕಲ್ಲಿನ ನೇರಕ್ಕೆ ಗೋಡೆ ಗಟ್ಟಿಯಾಗಿತ್ತು. ನಾನು ಇನ್ನೊಮ್ಮೆ ಕೆದಕಿಸಿದೆ. ಗಟ್ಟಿಯೇ. ಪೂಜೆಯ ಮೂಲೆಯ ಕಡೆಗೆ ಸರಿದಷ್ಟೂ ಮಣ್ಣು ಮೆದುವಾಗುತ್ತಾ ಬಂತು, ಪೂಜೆಗೆ ಕಟ್ಟಿದ ಮರೆಯ ಹತ್ತಿರ ಕೆಸರೇ ಆಗಿತ್ತು.

"ಆ ಮೂಲೇಲಿ ಏನೈತೆ ಮೇಷ್ಟ್ರಮ್ಮ?"

"ದೇವರಿದೆ. ಇನ್ನೇನಿರುತ್ತೆ?"

ಅತ್ತೆ ಇಲ್ಲದಾಗ ಆ ಮೂಲೆಗೆ ಹೋಗಲು ಕಾಲು ಬರಲಿಲ್ಲ. ಮಿಂದು ಬಂದು, ತಪ್ಪಾಯಿತು ಎಂದು ಕೈಮುಗಿದು, ಪೂಜೆಯ ಮಣೆಯನ್ನು ನಾನೇ ಸರಿಸಿದೆ. ಮಣೆಯ ಹಿಂದೆ, ನೆಲ ಗೋಡೆ ಸೇರುವ ಕಡೆ, ಅಂಗೈಯಗಲದ ಒಂದು ಕಂಡಿ. ಅದರ ಬಾಯಿಗೆ ನುಣ್ಣನೆಯ ಕಲ್ಲು ಜೋಡಿಸಿತ್ತು. ಮಾವನವರ ಕಾಲದ್ದು. ಪೂಜೆಯ ನೀರು ಯಾರ ಕಾಲಿಗೂ ಸಿಗದೆ ಸೀದಾ ಪತ್ರೆಯ ಗಿಡದ ಬುಡಕ್ಕೆ ಹೋಗಲೆಂದು ಅವರು ಮಾಡಿಸಿದ್ದು. ಮದುವೆಯಾದ ಹೊಸದರಲ್ಲಿ ಅತ್ತೆ ನನಗೆ ತೋರಿಸಿದ್ದು ಆಗ ನೆನಪಾಯಿತು. ಅವರು ಬರೀ ಪೂಜೆಯ ನೀರಲ್ಲ, ಗಿಡಕ್ಕೆಂದು ಇನ್ನೊಂದು ಬಿಂದಿಗೆಯನ್ನೂ ದಿನಾ ಅಲ್ಲಿಂದಲೇ ಹೊಯ್ಯುತ್ತಿದ್ದರು.

ಅವನು ಒಂದು ಕಬ್ಬಿಣದ ಸಲಾಕೆಯನ್ನು ಕಂಡಿಯೊಳಗೆ ತೂರಿಸಿದ. ಅರ್ಧಕ್ಕೂ ಹೆಚ್ಚು ಒಳಗೆ ಹೋಗಿ, ಆಚೆ ಕೊನೆಯಲ್ಲಿ ಠಣ್ ಎಂದು ನಿಂತಿತು. ಮತ್ತೆ ತಿವಿದ. ಠಣ್. ಸಲಾಕೆಯನ್ನು ಈಚೆಗೆಳೆದು ಅದರ ತುದಿ ನೋಡಿದ.

"ಯಾಕೆ? ಏನದು?"

"ಸಿಮೆಂಟು," ಎಂದ. ಸಲಾಕೆ ಕೆಳಗಿಟ್ಟು, "ನಾನೇ ಹಾಕಿದ್ದು," ಎಂದ.

"ಯಾವಾಗ? ಯಾರು ಹೇಳಿದ್ರು?"

"ನಡುಗೋಡೆ ಎದ್ದ ವರ್ಸ. ಒಬ್ರ ನೀರು ಒಬ್ರ ಪಾಲಿಗೆ ಬರಬಾರ್ದು ಅಂತ ಮಾತಾಗೈತೆ, ಇದನ್ನ ಮುಚ್ಚು ಅಂದ್ರು ಆ ಮನೆ ಅಣ್ಣಾವ್ರು. ಆ ಕಡೆಯಿಂದ ಮುಚ್ಚಿದೆ. ಈ ಕಡೆ ಇನ್ನೂ ನೀರು ಹುಯ್ತಾವ್ರೆ ಅಂತ ನಂಗೇನು ಗೊತ್ತು? ಅವತ್ತು ಹಲಗೆ ಹೊಡೆಯೋವಾಗ್ಲೇ ಅನುಮಾನ ಬಂತು. ಯಾಕೆ ಬೇಕು ಅಂತ ಸುಮ್ನಾದೆ."

ಅವನ ಮೇಲೆ ನಾನು ಇಟ್ಟ ಕಣ್ಣು ಸರಿಯಾಗಿಯೇ ಇತ್ತು. ಆದರೆ ಅವನನ್ನು ಬೈಯಲು ನಾಲಿಗೆ ಏಳಲಿಲ್ಲ. ಅಷ್ಟು ವರ್ಷ ಅತ್ತೆ ಹೊಯ್ದ ನೀರಿನಲ್ಲಿ ಒಂದು ಹನಿಯೂ ಗಿಡಕ್ಕೆ ಹೋಗಿರಲಿಲ್ಲ. ಮಣ್ಣಿನ ಗೋಡೆ ಕುಡಿದಿತ್ತು, ಮಿಕ್ಕದ್ದು ಅವರ ಎದೆಗೆ ಬಂದಿತ್ತು.

ಇನ್ನು ಹಿತ್ತಿಲಿನ ಬಕೆಟ್ಟಿನ ವಿಚಾರ ಉಳಿದಿತ್ತು. ನಡುಗೋಡೆ ಎದ್ದ ಮೇಲೆ ಮೊದಲ ಸಲ ನಾನು ಬೀದಿಗಿಳಿದು ಭಾವನ ಬಾಗಿಲು ತಟ್ಟಿದೆ. ಓರಗಿತ್ತಿ ಬಾಗಿಲನ್ನು ಅರ್ಧ ತೆರೆದು, ನನ್ನ ಕೈ ನೋಡಿದಳು. ಕೈಯಲ್ಲಿ ಏನಾದರೂ ತಂದಿದ್ದೇನೆಯೇ ಎಂದು ಹುಡುಕಿದ ಹಾಗಿತ್ತು.

"ಅಕ್ಕ, ದಿನಾ ಬೆಳಿಗ್ಗೆ ನೀವು ಗೋಡೆ ಹತ್ರ ನೀರು ಹಾಕ್ತೀರಲ್ಲ. ಯಾಕೆ?"

"ಅದನ್ನ ಕೇಳಕ್ಕೆ ಬಂದ್ಯಾ? ಬಾ," ಎಂದು ಸೀದಾ ಹಿತ್ತಿಲಿಗೆ ನಡೆದಳು. ಪತ್ರೆಯ ಗಿಡದ ಸುತ್ತ ಮಣ್ಣಿನ ಪಾತಿ ಕಟ್ಟಿತ್ತು. ಪಾತಿ ಗೋಡೆಯಿಂದ ಒಂದಿಷ್ಟು ದೂರವೇ ಇತ್ತು. ನೀರು ಗೋಡೆಯ ಕಡೆ ಹೋಗದಂತೆ ಅಂಚಿಗೆ ಹೆಂಚಿನ ಚೂರು ನೆಟ್ಟಿದ್ದಳು. "ಪಾಲಾದ ಮಾರನೇ ವರ್ಸ ಗಿಡ ಬಾಡ್ತಾ ಬಂತು. ಎಲೆ ಎಲ್ಲಾ ಉದುರೋಯ್ತು. ಒಣಗೋದ್ರೆ ಅತ್ತೆ ಪೂಜೆಗೆ ಪತ್ರೆ ಎಲ್ಲಿಂದ ಬರಬೇಕು? ನಿಮ್ಮ ಭಾವ ಕಂಡಿ ಮುಚ್ಚಿಸಿದ್ರಲ್ಲ, ಅದ್ಕೇ ಹಿಂಗಾಯ್ತು ಅಂತ ನಂಗೆ ಗೊತ್ತಾಯ್ತು. ಅವತ್ತಿಂದ ನಾನೇ ಹಾಕ್ತಿದ್ದೀನಿ. ಅತ್ತೆ ಆ ಕಂಡೀಗೆ ಹುಯ್ಯೋದನ್ನ ಆಗ್ಲೇ ಬಿಟ್ಟಿರ್ತಾರೆ ಅಂದ್ಕೊಂಡಿದ್ದೆ."

ನಾನು ಬಗ್ಗಿ ಹೆಂಚಿನ ಚೂರೊಂದನ್ನು ಮುಟ್ಟಿ ನೋಡಿದೆ.

"ನೀನು ತಾರಸಿ ಮೇಲೆ ಕೊಂಬೆ ಸಂದೀಲಿ ಕೂತ್ಕೊಂಡು ನೋಡ್ತಿದ್ಯಲ್ಲ," ಎಂದಳು. "ಗಿಡಕ್ಕೆ ಏನೋ ಮಾಟ ಮಾಡಿಸ್ತಿದ್ದೀಯ ಅಂತ ನಂಗೆ ದಿಗಿಲಾಗಿತ್ತು. ಆಮೇಲೆ ಇನ್ನೂ ಒಂದು ಬಕೆಟ್ ಜಾಸ್ತಿ ಹಾಕಕ್ಕೆ ಶುರು ಮಾಡ್ದೆ."

ಬೇರೆ ದಿನವಾಗಿದ್ದರೆ ಈ ಮಾತಿಗೆ ನಾನು ಕುಣಿದಾಡಿಬಿಡುತ್ತಿದ್ದೆ. ಅಂದು ನಗು ಬಂತು, ಅವಳಿಗೂ ಬಂತು, ಇಬ್ಬರೂ ನಗಲಿಲ್ಲ.

ಮನೆಗೆ ಬಂದು ಕೂತ ಮೇಲೆ ನನಗೆ ಇನ್ನೊಂದು ಹೊಳೆಯಿತು. ಹೊಳೆದಾಗ ಹೊಟ್ಟೆಗೆ ಹಾಲು ಹೊಯ್ದಂತಾಯಿತು, ಸುಳ್ಳು ಹೇಳುವುದಿಲ್ಲ. ನಾನು ಹುಡುಕಿದ್ದ ಸಾಕ್ಷಿ ಸಿಗದಿದ್ದರೂ ಅದಕ್ಕಿಂತ ದೊಡ್ಡದು ಸಿಕ್ಕಿತ್ತು. ನಿಮ್ಮ ದೊಡ್ಡ ಮಗ ಶಿವನ ನೀರಿಗೇ ಸಿಮೆಂಟು ಹಾಕಿಸಿದ ಎಂದು ಅತ್ತೆಗೆ ಒಂದು ಮಾತು ಹೇಳಿದರೆ ಮುಗಿಯಿತು. ಸತ್ತರೂ ಅವರು ಆ ಹೊಸ್ತಿಲು ದಾಟುವುದಿಲ್ಲ. ಕೊನೆಯವರೆಗೂ ನನ್ನ ಜೊತೆಗೇ ಇರುತ್ತಾರೆ.

ಹೇಳುವುದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮೊದಲ ವಾಕ್ಯ ಸಲೀಸಾಗಿ ಬಂತು. ಆದರೆ ಅದರ ಬೆನ್ನಿಗೇ ಎರಡನೆಯದನ್ನೂ ಹೇಳಬೇಕಾಗುತ್ತಿತ್ತು: ಅತ್ತೆ, ನೀವು ಉಬ್ಬಸ ಪಡುತ್ತಾ ಬಿಂದಿಗೆ ಎತ್ತಿ ಹೊಯ್ದದ್ದೆಲ್ಲ ದಂಡ, ಗಿಡ ಬದುಕಿದ್ದು ನಿಮ್ಮ ನೀರಿನಿಂದಲ್ಲ. ಅದನ್ನು ಆ ಮುಖಕ್ಕೆ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಎಷ್ಟು ಸಲ ಯೋಚಿಸಿದರೂ ಆಗಲಿಲ್ಲ.

ಸಂಜೆ ಭಾವ ಜಗಲಿಗೆ ಬಂದ. ಹೆಂಡತಿ ಹೇಳಿರಬೇಕು. ಕೂತುಕೊಳ್ಳಲಿಲ್ಲ, ಕಂಬ ಹಿಡಿದು ನಿಂತ.

"ಅವ್ವಂಗೆ ಹೇಳಿದ್ಯಾ?"

"ಅವರು ಬಂದಿಲ್ಲ ಇನ್ನೂ."

"ಅವತ್ತು ಸಿಟ್ಟಿತ್ತು. ನೀರು ಬರಬಾರ್ದು ಅಂದ್ರೆ ಯಾವ ನೀರೂ ಬರಬಾರ್ದು ಅಂದ್ಬಿಟ್ಟೆ," ಎಂದ. ಹಿಡಿದ ಕಂಬಕ್ಕೇ ಹಣೆ ಆನಿಸಿದ. ಅಷ್ಟು ದೊಡ್ಡ ಆಳು ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ.

"ಭಾವ, ಗೋಡೆ ಪೂರ್ತಿ ಕೆದಕಬೇಕು. ಒಣಗಬೇಕು. ಮನೆ ತುಂಬಾ ಧೂಳು. ಒಣಗೋ ತನಕ ಅತ್ತೆ ನಿಮ್ಮ ಕಡೆ ಇರಲಿ," ಎಂದೆ. ಯಾವ ಮಾತಿಗೆ ಇಷ್ಟು ದಿನ ಹೆದರಿ ಸಾಯುತ್ತಿದ್ದೆನೋ ಅದನ್ನು ನನ್ನ ಬಾಯಲ್ಲೇ ಹೇಳಿದ್ದೆ. ಹೇಳಿದ ತಕ್ಷಣ ಹಳೆಯ ಬುದ್ಧಿ ಎದ್ದು ಕೂತಿತು. "ಒಣಗಿದ ದಿನ ನಾನೇ ಬಂದು ಕರ್ಕೊಂಡು ಬರ್ತೀನಿ. ಒಂದು ದಿನ ಆಚೆ ಈಚೆ ಆಗಬಾರದು," ಎಂದೂ ಸೇರಿಸಿದೆ. ಅವನು ತಲೆಯಾಡಿಸಿದ. ಆ ಸಂಜೆ ನಮ್ಮ ಮನೆಯ ನೀರು ಕುಡಿದು ಹೋದ.

ಬಸ್ತಿಹಳ್ಳಿಯವನು ತನ್ನ ಸಿಮೆಂಟನ್ನು ತಾನೇ ಒಡೆದ. ಚೆನ್ನಾಗಿ ಕಲಸಿದ್ದೆ ನೋಡಿ, ಎಷ್ಟು ಗಟ್ಟಿಯಾಗೈತೆ ಎಂದು ಅದರಲ್ಲೂ ಬಡಾಯಿ ಕೊಚ್ಚಿದ. ಗೋಡೆಯ ಈ ತುದಿಯಿಂದ ಆ ತುದಿಗೆ ಒಂದು ಪೈಪು ಹಾಯಿಸಿದ, ಇನ್ನು ಒಳಗೆ ಒಂದು ಹನಿಯೂ ಇಂಗದ ಹಾಗೆ. ಸಿಮೆಂಟಿನ ಪ್ಲಾಸ್ಟರು ಮಾಡಲೇ ಎಂದ. ಬೇಡ, ಒಣಗುವವರೆಗೂ ಗೋಡೆ ಬೆತ್ತಲೆ ಇರಲಿ, ಆಮೇಲೆ ಸುಣ್ಣದ ಗಾರೆ ಮಾಡು ಎಂದೆ. ಮುಚ್ಚುವ ಕೆಲಸ ಅಂದರೇ ನನಗೆ ಸಾಕಾಗಿತ್ತು.

ಹಾರನಹಳ್ಳಿಯಿಂದ ಬಂದ ಅತ್ತೆಗೆ ಗೋಡೆ ಕೆದಕಿದ್ದೇವೆ, ಧೂಳು, ನಾಲ್ಕು ದಿನ ಆ ಕಡೆ ಇರಿ ಎಂದಷ್ಟೇ ಹೇಳಿದೆ. ಅವರು ನನ್ನನ್ನೇ ದಿಟ್ಟಿಸಿದರು. "ನೀನೇ ಹೇಳ್ತಿದ್ದೀಯಾ?" ಎಂದರು. ಹೌದು ಎಂದೆ. ಅವರ ಚೀಲ ಹಿಡಿದು ಆ ಹೊಸ್ತಿಲವರೆಗೂ ಹೋದೆ. ಓರಗಿತ್ತಿ ಕಾಲಿಗೆ ನೀರು ಕೊಟ್ಟಳು. ಮನೆಗೆ ಬಂದ ಮೇಲೆ ನಾನು ಚಪ್ಪಲಿ ಬಿಟ್ಟ ಜಾಗದಲ್ಲೇ ಸ್ವಲ್ಪ ಹೊತ್ತು ಕೂತೆ.

ಮಾರನೇ ಬೆಳಿಗ್ಗೆ ಅತ್ತೆ ಅಲ್ಲೇ ಪೂಜೆ ಮುಗಿಸಿ, ಆ ನೀರನ್ನು ಚೊಂಬಿನಲ್ಲಿ ಓರಗಿತ್ತಿಯ ಕೈಯಲ್ಲಿ ಕಳಿಸಿದರು. ನನ್ನ ಕೋಣೆಯ ಕಂಡಿಗೇ ಹುಯ್ಯಲು ಹೇಳು, ನಾನು ಗಿಡದ ಹತ್ರ ನಿಂತಿರ್ತೀನಿ ಎಂದರಂತೆ. ನಾನು ಮೂಲೆಯಲ್ಲಿ ಕೂತು ನಿಧಾನವಾಗಿ ಹೊಯ್ದೆ. ನೀರು ಪೈಪಿನೊಳಗೆ ಸರಸರ ಓಡಿತು. ಆಚೆ ಅದು ಮಣ್ಣಿಗೆ ಬಿದ್ದ ಸದ್ದೂ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ನಾನು ಬಗ್ಗಿ ಕಂಡಿಗೆ ಕಿವಿ ಕೊಟ್ಟೆ. ಕಿವಿ ಕೊಡುವುದು ನನಗೇನು ಹೊಸದಲ್ಲ.

ಅತ್ತೆಯ ದನಿ ಪಕ್ಕದಲ್ಲೇ ಮಾತಾಡಿದಷ್ಟು ಹತ್ತಿರ ಬಂತು. "ಈ ಪೈಪಿನ ಸುತ್ತ ಇದೇನು, ಒಡೆದಿರೋ ಸಿಮೆಂಟು? ಹಳೇದು. ಇದನ್ನ ಯಾರು ಮುಚ್ಚಿದ್ದು?"

ಭಾವ ಅಲ್ಲೇ ಇದ್ದ, ಅವನ ಕೆಮ್ಮು ಕೇಳಿಸಿತು. ಮತ್ತೆ ಅತ್ತೆ, "ನಿನ್ನೇ ಕೇಳ್ತಿರೋದು," ಎಂದರು.

ನಾನು ಕಂಡಿಗೆ ಬಾಯಿಟ್ಟು ಕೂಗಿದೆ. "ಅತ್ತೆ, ಇಲಿ ಬಿಲ ಮಾಡಿತ್ತು. ಇಲಿ ಮಣ್ಣು ತುಂಬಿ ಕಟ್ಟಿಕೊಂಡಿತ್ತು. ಈಗ ಸರಿಯಾಗಿದೆ."

ಆಚೆಯಿಂದ ಅತ್ತೆ ಉಸಿರು ಎಳೆಯುವುದು ಕೇಳಿಸುತ್ತಿತ್ತು. ಮಗನ ಮುಖ ನೋಡುತ್ತಿದ್ದಿರಬೇಕು. ಗಿಡದ ಸುತ್ತಲಿನ ಪಾತಿ ನೋಡುತ್ತಿದ್ದಿರಬೇಕು. ಅವರಿಗೆ ಎಷ್ಟು ಗೊತ್ತಾಯಿತು, ಮೊದಲೇ ಎಷ್ಟು ಗೊತ್ತಿತ್ತು ಎಂದು ನಾನು ಇಂದಿಗೂ ಅನುಮಾನ ಪಡುತ್ತೇನೆ.

"ಇಲಿ ಸಿಮೆಂಟು ಕಲಸೋದು ಕಲಿತ್ಕೊಂಡೈತೆ ಅನ್ನು," ಎಂದರು ಅತ್ತೆ. ಆಮೇಲೆ, ಕಂಡಿಯ ಹತ್ತಿರ ಬಗ್ಗಿರಬೇಕು, ದನಿ ಇನ್ನೂ ಹತ್ತಿರ ಬಂತು. "ಗೋಡೆ ಒಣಗಿದ ದಿನ ಬತ್ತೀನಿ ಕಣವ್ವ. ಇನ್ನೊಂದು ಚೊಂಬು ಹುಯ್ಯಿ."